‘ಶರಪಂಜರ’ದಲ್ಲಿ ರೋಗ ಮತ್ತು ರೋಗಿಯ ಮಾತು

ತ್ರಿವೇಣಿಯವರ (1928–1963) ‘ಶರಪಂಜರ’ವನ್ನು ಮನೋವೈಜ್ಞಾನಿಕ ಕಾದಂಬರಿಯೆಂದು ಕರೆಯುವುದು ವಾಡಿಕೆ. ಮಂಡ್ಯದಲ್ಲಿ ಜನಿಸಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ವ್ಯಾಸಂಗಮಾಡಿದ ಲೇಖಕಿಯ ಕೃತಿಗೆ ಈ ಹೆಸರು ಸಹಜವೇ. ಆದರೆ ಇದರಿಂದ ಒಂದು ನಷ್ಟವೂ ಆಗಿದೆ. ಕೃತಿಯ ವಸ್ತು ಕಾವೇರಿಯ ಚಿತ್ತವಿಕಾರವೆಂದು ಮೊದಲೇ ನಿರ್ಧರಿಸಿಕೊಂಡ ಓದುಗನಿಗೆ ಅವಳ ಸುತ್ತಲಿನವರ ಕಿವುಡುತನ ಕಾಣದೆ ಹೋಗುತ್ತದೆ.

ಕಥೆ ಸುಪರಿಚಿತ, 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಓದದವರೂ ಬಲ್ಲರು. ಹೆರಿಗೆಯ ತರುವಾಯ ಕಾವೇರಿಗೆ ಬುದ್ಧಿಭ್ರಮಣೆಯಾಗುತ್ತದೆ. ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುತ್ತಾಳೆ. ದುರಂತ ಮೊದಲಾಗುವುದು ಅಲ್ಲಿಂದ. ಈ ಬಗೆಯ ವ್ಯಾಧಿಗೆ ನಮ್ಮ ಜನ ‘ಬಾಣಂತಿ ಸನ್ನಿ’ ಎನ್ನುತ್ತಾರೆ. ಆ ಹೆಸರಿನಲ್ಲಿ ವಿವೇಕವಿದೆ: ಅದು ರೋಗವನ್ನು ಬಾಣಂತನದ ಕಾಲಕ್ಕೆ ಕಟ್ಟಿಹಾಕುತ್ತದೆ, ಕಾಲ ಕಳೆದರೆ ಹೆಸರೂ ಕಳಚಿಕೊಳ್ಳುತ್ತದೆ. ಕಾವೇರಿಗೆ ಅಂಟಿಕೊಂಡ ‘ಹುಚ್ಚಿ’ ಎಂಬ ಹೆಸರಿಗೆ ಅವಧಿಯಿಲ್ಲ. ಅವಳು ನಕ್ಕರೆ ರೋಗ, ಮುನಿದರೆ ರೋಗ. ಗಂಡನ ನಡತೆಯನ್ನು ಪ್ರಶ್ನಿಸಿದರೂ ರೋಗವೇ. ಸಾಕ್ಷ್ಯವಾಗಬೇಕಾದ ಮಾತು ಲಕ್ಷಣವಾಗಿಬಿಡುತ್ತದೆ. ತ್ರಿವೇಣಿಯವರ ಪ್ರತಿಭೆಯ ನಿಜವಾದ ಸಾಧನೆ ಇದೆಂದು ನಮ್ಮ ಅಭಿಪ್ರಾಯ.

ಈ ಕಿವುಡುತನ ಮನೆಯವರದು ಮಾತ್ರವಲ್ಲ, ವೈದ್ಯದ್ದೂ ಹೌದು. ಗ್ರೀಕರ ಗರ್ಭಕೋಶವಾಚಕ ಪದದಿಂದ ಹುಟ್ಟಿದ ‘ಹಿಸ್ಟೀರಿಯಾ’ ಎಂಬ ಹೆಸರು ಅಮೆರಿಕದ ಮನೋರೋಗಗಳ ಅಧಿಕೃತ ವರ್ಗೀಕರಣದಿಂದ ಹೊರಬಿದ್ದದ್ದು 1980ರಲ್ಲಿ. ಅಷ್ಟು ಕಾಲವೂ ಕಾರಣ ತಿಳಿಯದ ಎಷ್ಟೋ ನೋವುಗಳನ್ನು ಹೆಣ್ಣಿನ ಮನಸ್ಸಿಗೆ ಆರೋಪಿಸಿ ವೈದ್ಯನು ತನ್ನ ಅಜ್ಞಾನಕ್ಕೆ ಶಾಸ್ತ್ರದ ಹೊದಿಕೆ ಹೊದಿಸಿದನು. ಹೆಸರು ಹೋದರೂ ಅಭ್ಯಾಸ ಹೋಗಿಲ್ಲ. ಮುಟ್ಟಿನ ತೀವ್ರ ವೇದನೆಗೆ ಕಾರಣವಾಗುವ ಎಂಡೊಮೆಟ್ರಿಯೋಸಿಸ್ ಪತ್ತೆಯಾಗಲು ಇಂದಿಗೂ ಹಲವು ವರ್ಷಗಳು ಹಿಡಿಯುತ್ತವೆ; ‘ಎಲ್ಲ ಹೆಂಗಸರಿಗೂ ಇದ್ದದ್ದೇ’ ಎಂಬ ಸಮಾಧಾನ ಮಾತ್ರ ತತ್‌ಕ್ಷಣ ದೊರೆಯುತ್ತದೆ.

ಇಲ್ಲಿ ಕಾದಂಬರಿಯ ಮಿತಿಯನ್ನೂ ಹೇಳಬೇಕು. ತ್ರಿವೇಣಿಯವರು ಸಮಾಜವನ್ನು ಕಟಕಟೆಯಲ್ಲಿ ನಿಲ್ಲಿಸಿದರು, ವೈದ್ಯನನ್ನು ನಿಲ್ಲಿಸಲಿಲ್ಲ. ಅವರಿಗೆ ಆಸ್ಪತ್ರೆ ಆಶ್ರಯಸ್ಥಾನ. ಮಾನಸಿಕ ಚಿಕಿತ್ಸೆಯೆಂದರೆ ಜನ ಅಂಜುತ್ತಿದ್ದ ಕಾಲದಲ್ಲಿ ಈ ಪಕ್ಷಪಾತ ಕ್ಷಮ್ಯವೆನ್ನೋಣ. ಇನ್ನೊಂದು ಮಿತಿ ಹೆಚ್ಚು ಗಂಭೀರವಾದುದು. ಕಾವೇರಿ ವಿದ್ಯಾವಂತೆ, ಅನುಕೂಲಸ್ಥರ ಮನೆಯವಳು. ಅವಳ ರೋಗವನ್ನು ಯಾರೂ ಕಾಣದಿರಲಾರರು. ಲೇಖಕಿಯ ಹುಟ್ಟೂರಿಗೆ ದೂರವಲ್ಲದ, ಮದ್ದೂರು ತಾಲ್ಲೂಕಿನ ಆತಗೂರಿನಂಥ ಊರಿನಲ್ಲಿ ಕಳೆ ಕೀಳುವ ಹೆಂಗಸಿನ ಸೊಂಟನೋವು, ಬಿಳುಪು, ಸುಸ್ತು ಇವು ರೋಗವೆಂಬ ಗೌರವವನ್ನೇ ಪಡೆಯವು. ಅವಳಿಗೆ ‘ಹುಚ್ಚಿ’ ಎಂಬ ಹೆಸರೂ ಬೇಕಿಲ್ಲ. ‘ಮೈಗಳ್ಳಿ’ ಎಂದರೆ ಸಾಕು.

ಇದು ಊಹೆಯ ಮಾತಲ್ಲ. ವೈದ್ಯರಾದ ರಾಣಿ ಬಂಗ್ ಮತ್ತು ಅಭಯ್ ಬಂಗ್ ಅವರು ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳಲ್ಲಿ 650 ಸ್ತ್ರೀಯರನ್ನು ಪರೀಕ್ಷಿಸಿ 1989ರಲ್ಲಿ ಪ್ರಕಟಿಸಿದ ವರದಿಯಂತೆ ಶೇ. 92 ಮಂದಿಗೆ ಸ್ತ್ರೀರೋಗವಿತ್ತು. ಹಿಂದೆ ಎಂದಾದರೂ ಅದಕ್ಕಾಗಿ ತಪಾಸಣೆಗೆ ಒಳಗಾಗಿದ್ದವರು ಶೇ. 8. ಕರ್ನಾಟಕದಲ್ಲಿ 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯನ್ನು ಗುರುತಿಸಿತು. ರಕ್ತವಿಲ್ಲದ ದೇಹದ ಆಯಾಸವನ್ನು ಸ್ವಭಾವದ ದೋಷವೆಂದು ಓದುವ ಸಮಾಜಕ್ಕೆ ‘ಶರಪಂಜರ’ವನ್ನು ಓದಲು ಬರುವುದೆಂದು ಹೇಗೆ ಹೇಳುವುದು?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2009ರಲ್ಲಿ ತಾಯಿ–ಮಗುವನ್ನು ಅಗಲಿಸದೆ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡನ್ನು ತೆರೆಯಿತು. ಕಾವೇರಿಯ ಚಿಕಿತ್ಸೆ ಅವಳನ್ನು ಮಕ್ಕಳಿಂದ ದೂರವಿಟ್ಟೇ ನಡೆಯಿತು. ಆ ಅಗಲಿಕೆಯನ್ನು ಕಾದಂಬರಿ ತಾಯಿಯ ದುಃಖವೆಂದು ಚಿತ್ರಿಸುತ್ತದೆ. ಅದು ಚಿಕಿತ್ಸೆಯ ಲೋಪವೂ ಆಗಿರಬಹುದೇ ಎಂದು ವೈದ್ಯನನ್ನು ಕೇಳುವ ಪಾತ್ರ ಅದರಲ್ಲಿಲ್ಲ.