ಒಂದು ಸಾಲಿನ ಆಜ್ಞೆ ಮತ್ತು ಕನ್ನಡದ ಪದ: ‘ಹಟ್ಟಿ’ಯ ನಿದರ್ಶನದ ಮೂಲಕ ಒಂದು ವಿಮರ್ಶೆ

ಪಠ್ಯ ಕಡತಗಳಿಂದ ಪದಗಳ ಆವರ್ತನವನ್ನು ಎಣಿಸುವ ಕಿರು ಆಜ್ಞಾಸರಣಿಗಳನ್ನು ಭಾಷಾಧ್ಯಯನದ ತಟಸ್ಥ ಸಾಧನಗಳೆಂದು ಭಾವಿಸಲಾಗುತ್ತದೆ. ಅಂತಹ ಪ್ರತಿಯೊಂದು ಸಾಲಿನಲ್ಲಿಯೂ ‘ಪದ’ ಎಂದರೇನೆಂಬ ನಿರ್ಣಯವೊಂದು ಅಡಗಿರುತ್ತದೆ ಎಂಬುದು ನಮ್ಮ ವಾದ.

1986ರಲ್ಲಿ ಡೊನಾಲ್ಡ್ ಕ್ನೂತ್ ಬರೆದ ಪದಗಣನೆಯ ಪ್ರೋಗ್ರಾಮನ್ನು ವಿಮರ್ಶಿಸುತ್ತ ಡಗ್ಲಸ್ ಮ್ಯಾಕಿಲ್ರಾಯ್ ಅದೇ ಕೆಲಸವನ್ನು ಯುನಿಕ್ಸಿನ ಆರು ಆಜ್ಞೆಗಳಲ್ಲಿ ಮಾಡಿ ತೋರಿಸಿದರು. ಕೆನೆತ್ ಚರ್ಚ್ ಅವರ ‘ಯುನಿಕ್ಸ್ ಫಾರ್ ಪೊಯೆಟ್ಸ್’ ಪಾಠಗಳು ಈ ಮಾದರಿಯನ್ನು ಭಾಷಾವಿಜ್ಞಾನಿಗಳಿಗೆ ಪರಿಚಯಿಸಿದವು. ಅದರ ಮೊದಲ ಆಜ್ಞೆ ಇಂಗ್ಲಿಷಿನ 26 ಅಕ್ಷರಗಳಲ್ಲದ ಎಲ್ಲವನ್ನೂ ಪದಗಳ ನಡುವಿನ ಅಂತರವೆಂದು ಬಗೆಯುತ್ತದೆ. ಕನ್ನಡ ಕಡತಕ್ಕೆ ಅದನ್ನು ಅನ್ವಯಿಸಿದರೆ ಉಳಿಯುವುದು ಒಂದು ಖಾಲಿ ಸಾಲು. ಈ ವೈಫಲ್ಯ ಕಣ್ಣಿಗೆ ಕಾಣುವುದರಿಂದ ಯಾರನ್ನೂ ದಾರಿ ತಪ್ಪಿಸದು. ಕಾಣದಂತೆ ನುಸುಳುವ ದೋಷಗಳೇ ಚಿಂತೆಗೆ ಕಾರಣ.

ಲಿಂಗಸೂಗೂರು ತಾಲೂಕಿನ, ಚಿನ್ನದ ಗಣಿಗೆ ಹೆಸರಾದ ‘ಹಟ್ಟಿ’ಯನ್ನೇ ನಿದರ್ಶನವಾಗಿ ನೋಡಬಹುದು. ಓದುಗನಿಗೆ ಈ ಹೆಸರಿನಲ್ಲಿ ಎರಡು ಅಕ್ಷರಗಳಿವೆ. ಯುನಿಕೋಡಿನಲ್ಲಿ ಐದು ಸಂಕೇತಗಳು. ಯುಟಿಎಫ್-8 ಕಡತದಲ್ಲಿ 15 ಬೈಟುಗಳು. ಸೂಕ್ತ ಲೊಕೇಲ್ ಇದ್ದಾಗ ಗ್ನೂ ಆಕ್ ಇದರ ಉದ್ದವನ್ನು 5 ಎನ್ನುತ್ತದೆ. ಬೈಟುಗಳನ್ನೇ ಎಣಿಸುವ ಮಾಕ್ 15 ಎನ್ನುತ್ತದೆ. ಪೈಥಾನಿನ ‘ಆರ್‌ಇ’ ಮಾಡ್ಯೂಲಿನ ಪದಲಕ್ಷಣವು ಹಲಂತ ಚಿಹ್ನೆಯನ್ನೂ ಸ್ವರಚಿಹ್ನೆಯನ್ನೂ ಹೊರಗಿಡುವುದರಿಂದ ‘ಹಟ್ಟಿ’ಯು ‘ಹಟ’ ಮತ್ತು ‘ಟ’ ಎಂಬ ಎರಡು ‘ಪದ’ಗಳಾಗಿ ಒಡೆಯುತ್ತದೆ. ದೋಷಸೂಚನೆ ಯಾವುದೂ ಬರುವುದಿಲ್ಲ. ಬರುವುದು ಅಚ್ಚುಕಟ್ಟಾದ ಒಂದು ಕೋಷ್ಟಕ.

ಇದೇ ತಾಲೂಕಿನ ಮುದಗಲ್ಲಿನ ‘ಕೋಟೆ’ ಇನ್ನೊಂದು ತೊಡಕನ್ನು ತೋರುತ್ತದೆ. ಅಲ್ಲಿನ ಓಕಾರವನ್ನು ಒಂದೇ ಸಂಕೇತವಾಗಿಯೂ ಬಿಡಿ ಸಂಕೇತಗಳ ಜೋಡಣೆಯಾಗಿಯೂ ದಾಖಲಿಸಬಹುದು. ನೋಟಕ್ಕೆ ಒಂದೇ ಆದರೂ, ಮೊದಲು ಯುನಿಕೋಡ್ ಏಕರೂಪೀಕರಣ ನಡೆಯದಿದ್ದರೆ ‘ಯುನಿಕ್’ ಆಜ್ಞೆಗೆ ಅವು ಬೇರೆ ಬೇರೆ ಪದಗಳು.

ಲಿಪಿಯ ತೊಡಕು ನೀಗಿದರೂ ವ್ಯಾಕರಣದ ತೊಡಕು ಉಳಿಯುತ್ತದೆ. ಪೂರ್ಣಪದಕ್ಕೆ ಸೀಮಿತವಾದ ಹುಡುಕಾಟವು ‘ಹಟ್ಟಿಯಲ್ಲಿ’, ‘ಹಟ್ಟಿಗೆ’ ಎಂಬ ರೂಪಗಳನ್ನು ಕೈಬಿಡುತ್ತದೆ. ಸಡಿಲಗೊಳಿಸಿದರೆ ‘ಗೊಲ್ಲರಹಟ್ಟಿ’ಯೂ ದೊರೆಯುತ್ತದೆ. ಊರಿನ ಹೆಸರಾದ ‘ಹಟ್ಟಿ’ಗೂ ದನದ ಕೊಟ್ಟಿಗೆಯನ್ನು ಹೇಳುವ ‘ಹಟ್ಟಿ’ಗೂ ಆಜ್ಞೆ ಭೇದವೆಣಿಸದು. ಪಕಾರ ಹಕಾರವಾಗುವುದಕ್ಕೆ ಮುಂಚಿನ ‘ಪಟ್ಟಿ’ ರೂಪವನ್ನು ಹುಡುಕಹೊರಟರೆ ಹೊಸಗನ್ನಡದ ಕಡತಗಳಲ್ಲಿ ಸಿಗುವುದು ಯಾದಿ ಎಂಬರ್ಥದ ‘ಪಟ್ಟಿ’ಗಳೇ.

ಹಾಗೆಂದು ಕಿರು ಆಜ್ಞೆಗಳನ್ನು ನಾವು ತಿರಸ್ಕರಿಸುವುದಿಲ್ಲ. ಹತ್ತಾರು ಕಡತಗಳಲ್ಲಿ ಹರಡಿರುವ ತಂತ್ರಾಂಶವನ್ನು ಪರೀಕ್ಷಕರು ಓದುವುದು ವಿರಳ. ಒಂದು ಸಾಲನ್ನು ಯಾರೂ ಓದಬಲ್ಲರು, ಮತ್ತೆ ನಡೆಸಿ ನೋಡಬಲ್ಲರು. ಆದರೆ ಆ ಸಾಲು ಪ್ರಕಟವಾಗದಿದ್ದರೆ ಈ ಗುಣ ನಿರರ್ಥಕ. ಆದ್ದರಿಂದ ಆವರ್ತನದ ಸಂಖ್ಯೆಗಳನ್ನು ಆಧರಿಸಿದ ಪ್ರಬಂಧಗಳು ಬಳಸಿದ ಆಜ್ಞೆಯನ್ನು ಯಥಾವತ್ತಾಗಿ ಮುದ್ರಿಸಬೇಕು. ಸಾಧನದ ಆವೃತ್ತಿ, ಲೊಕೇಲ್ ಮತ್ತು ಏಕರೂಪೀಕರಣದ ವಿಧಾನವನ್ನು ನಮೂದಿಸಬೇಕು. ಪದದ ಗಡಿಯನ್ನು ಎಲ್ಲಿ, ಏಕೆ ಎಳೆಯಲಾಯಿತೆಂದು ವಾದಿಸಬೇಕು. ಪದವನ್ನು ನಿರ್ವಚಿಸುವುದು ಭಾಷಾವಿಜ್ಞಾನಿಯ ಹೊಣೆ; ಅದನ್ನು ಆಜ್ಞೆಯ ಪೂರ್ವನಿಯೋಜಿತ ಆಯ್ಕೆಗೆ ಒಪ್ಪಿಸುವುದು ಸಲ್ಲದು.