ಕೂಲರಿನ ಪ್ರಾಣ ಹಿಡಿದ ಡಬ್ಬಿ

ಏಪ್ರಿಲ್, ಮೇ ತಿಂಗಳಲ್ಲಿ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಕಾದ ಕಲ್ಲಿನ ಮನೆ ರಾತ್ರಿಯೂ ತಣಿಯುವುದಿಲ್ಲ. ಆಗ ಕಿಟಕಿಯ ಕೂಲರೇ ದೇವರು. ಆ ದೇವರ ಪ್ರಾಣ ಇರುವುದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿಯೊಂದರಲ್ಲಿ: ಕೆಪಾಸಿಟರ್, ಅಂಗಡಿಯ ಮಾತಿನಲ್ಲಿ ಕಂಡೆನ್ಸರ್.

ಸಿಂಗಲ್ ಫೇಸ್ ಕರೆಂಟ್ ಒಂದೇ ಸುರುಳಿಗೆ ಹರಿದರೆ ಮೋಟರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಎರಡನೇ ಸುರುಳಿಯ ಕರೆಂಟನ್ನು ಕೆಪಾಸಿಟರ್ ಕೊಂಚ ಮುಂದಕ್ಕೆ ಸರಿಸುತ್ತದೆ. ಅಷ್ಟರಿಂದಲೇ ತಿರುಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಚಲಿಸುವ ಭಾಗವಿಲ್ಲ, ಸದ್ದಿಲ್ಲ. ಇಷ್ಟು ಅಗ್ಗದ ಜಾಣತನ ಇನ್ನೊಂದನ್ನು ನಾನು ಕಂಡಿಲ್ಲ.

ಹುಡುಕುವುದೂ ಸೊಗಸು. ಸೀಲಿಂಗ್ ಫ್ಯಾನಿನಲ್ಲಿ ಅದು ಕಪ್ಪಿನಂಥ ಮುಚ್ಚಳದೊಳಗೆ, ಹೆಚ್ಚಾಗಿ 2.5 ಮೈಕ್ರೋಫ್ಯಾರಡ್. ಕೂಲರಿನಲ್ಲಿ ಮೋಟರಿನ ಪಕ್ಕ, ಇಲ್ಲವೇ ಸ್ವಿಚ್ಚಿನ ಹಿಂದೆ. ಏಸಿಯಲ್ಲಾದರೆ ಹೊರಗಿನ ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಬೇಕು. ಕಂಪ್ರೆಸರಿನ ಮೇಲ್ಭಾಗದಲ್ಲಿ ಅಲ್ಯೂಮಿನಿಯಂ ಡಬ್ಬಿ ಕಾಣುತ್ತದೆ. (ಇನ್ವರ್ಟರ್ ಏಸಿಯಲ್ಲಿ ಇದನ್ನು ಹುಡುಕಬೇಡಿ; ಅಲ್ಲಿನ ಲೆಕ್ಕವೇ ಬೇರೆ.) ಡಬ್ಬಿ ಉಬ್ಬಿದ್ದರೆ ಅದರ ಕತೆ ಮುಗಿದಂತೆ.

ಕರೆಂಟ್ ತೆಗೆದ ಮೇಲೂ ಅದು ವಿದ್ಯುತ್ ಹಿಡಿದಿಟ್ಟಿರುತ್ತದೆ, ಏಸಿಯದಂತೂ ಜೋರಾಗಿ ಹೊಡೆಯುತ್ತದೆ. ಅದನ್ನು ಮೆಕ್ಯಾನಿಕ್ಕಿಗೇ ಬಿಡಿ. ಕೂಲರಿಗೆ ಹೊಸದು ತರುವಾಗ ಹಳೆಯದನ್ನೇ ಅಂಗಡಿಗೆ ಒಯ್ದು, ಅದೇ ಮೈಕ್ರೋಫ್ಯಾರಡ್ಡಿನದು ಕೇಳಿ ತನ್ನಿ.