ಅಳುವ ಗಂಡು, ಹಾಡುವ ಊರು: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮೊಹರಂ ಮತ್ತು ಗಂಡಸುತನದ ಪ್ರಶ್ನೆ

'ಅಳುವ ಗಂಡಸನ್ನು, ನಗುವ ಹೆಂಗಸನ್ನು ನಂಬಬಾರದು' ಎಂಬ ಗಾದೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಗಂಡಸಾದವನು ಹೇಗಿರಬೇಕು ಎಂಬುದಕ್ಕೆ ಲೋಕರೂಢಿ ಬರೆದಿಟ್ಟ ಅತಿ ಚಿಕ್ಕ ಶಾಸನವಿದು. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ, ಮೊಹರಮ್ಮಿನ ಹತ್ತು ದಿನಗಳಲ್ಲಿ, ಗಂಡಸರೇ ಊರ ನಡುವೆ ಸುತ್ತುಗಟ್ಟಿ ಶೋಕದ ಪದಗಳನ್ನು ಹಾಡುತ್ತಾರೆ. ಆಗ ಅವರನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ಗಾದೆಗೂ ಆಚರಣೆಗೂ ನಡುವೆ ಇರುವ ಈ ವೈರುಧ್ಯವನ್ನು ಹೇಗೆ ಅರ್ಥೈಸಬೇಕು ಎಂಬುದೇ ಪ್ರಸ್ತುತ ಲೇಖನದ ವಿಚಾರ.

ಗಂಡಸುತನದ ಆದರ್ಶವನ್ನು ಪ್ರಶ್ನಿಸುವ ಕಲಾಪ್ರದರ್ಶನಗಳು ಆಧುನಿಕ ಕಲಾಲೋಕಕ್ಕೆ ಹೊಸತಲ್ಲ. ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ 1994ರಲ್ಲಿ ಆರಂಭವಾದ 'ಬ್ಲ್ಯಾಕ್ ಮೇಲ್' ಪ್ರದರ್ಶನವು ಕಪ್ಪು ಗಂಡಸಿನ ಬಗೆಗೆ ಸಮಾಜ ಕಟ್ಟಿಕೊಂಡ ಚಿತ್ರಗಳನ್ನು ವಿಚಾರಣೆಗೆ ಒಡ್ಡಿತು. ಲಂಡನ್ನಿನ ಬಾರ್ಬಿಕನ್ ಕಲಾಕೇಂದ್ರದಲ್ಲಿ 2020ರಲ್ಲಿ ಐವತ್ತಕ್ಕೂ ಹೆಚ್ಚು ಕಲಾವಿದರು ಛಾಯಾಚಿತ್ರಗಳ ಮೂಲಕ ಇದೇ ಪ್ರಶ್ನೆಯನ್ನು ಎತ್ತಿದರು. ನಮ್ಮಲ್ಲಿ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಅವರೊಡಗೂಡಿ 2000ದಿಂದ 2004ರವರೆಗೆ ರೂಪಿಸಿದ ಛಾಯಾಚಿತ್ರ ಮಾಲಿಕೆಯು ದಕ್ಷಿಣ ಭಾರತದ ಹೆಣ್ಣಿನ ಸಿದ್ಧಪ್ರತಿಮೆಗಳನ್ನು ಮತ್ತೆ ಅಭಿನಯಿಸಿ ಒಡೆಯಿತು. ಲಿಂಗವೆಂಬುದು ಹುಟ್ಟಿನಿಂದ ಬಂದ ಸ್ವಭಾವ ಮಾತ್ರವಲ್ಲ, ಅಭಿನಯಿಸಿ ಕಲಿಯುವ ಪಾತ್ರವೂ ಹೌದು ಎಂಬ ತಿಳಿವಳಿಕೆಯನ್ನು ಇವೆಲ್ಲವುಗಳಲ್ಲಿ ಕಾಣಬಹುದು.

ಇಂಥ ಪ್ರಶ್ನೆ ನಗರದ್ದು, ಹಳ್ಳಿಗೆ ಹೊರಗಿನಿಂದ ಬಂದದ್ದು ಎಂದು ಭಾವಿಸುವವರಿದ್ದಾರೆ. ಆದರ್ಶ ಗಂಡಿನ ಚಿತ್ರವಾದರೋ ನಮ್ಮ ಮನೆಯ ಗೋಡೆಯ ಮೇಲೆಯೇ ಇತ್ತು. ಕಲಬುರಗಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಹೆಸರಾದ ಎಸ್.ಎಂ. ಪಂಡಿತರ (1916-1993) ಕ್ಯಾಲೆಂಡರ್ ಚಿತ್ರಗಳಲ್ಲಿ ಪುರಾಣದ ವೀರರು ಉಬ್ಬಿದ ಎದೆ, ಹುರಿಗಟ್ಟಿದ ತೋಳುಗಳೊಂದಿಗೆ ಮೈದಳೆದರು. ಇಂಥ ಮುದ್ರಿತ ಚಿತ್ರಗಳಿಗೆ ದೇವರ ಜಗುಲಿಯ ಪಕ್ಕದಲ್ಲಿ ಸ್ಥಾನ ದೊರೆಯಿತು. ಜಾತ್ರೆಯಲ್ಲಿ ಗುಂಡು ಎತ್ತುವ, ಕುಸ್ತಿ ಹಿಡಿಯುವ ತರುಣನಿಗೆ ಈ ಮೈಕಟ್ಟೇ ಮಾದರಿ. ಈ ಮಾದರಿಗೆ ಎದುರಾದ ಪ್ರಶ್ನೆಯೂ ಅದೇ ಊರಿನ ಮಸೂತಿಯ ಅಂಗಳದಲ್ಲಿ ಇತ್ತೆಂಬುದನ್ನು ನಾವು ಗುರುತಿಸಬೇಕಾಗಿದೆ.

ಈ ಸೀಮೆಯ ಮೊಹರಂ ಇಡೀ ಊರು ಕೂಡಿ ಕಟ್ಟುವ ಕಲೆ. ಅಲಾಯಿ ಕುಣಿ ತೋಡುವವರು, ಕಟ್ಟಿಗೆ ತರುವವರು, ಹಲಗೆ ಬಾರಿಸುವವರು, ಪಂಜಾ ಹಿಡಿಯುವವರು, ಡೋಲಿ ಸಿಂಗರಿಸುವವರು, ಪದ ಕಟ್ಟುವವರು, ಹೆಜ್ಜೆ ಹಾಕುವವರು ಬೇರೆ ಬೇರೆ ಜಾತಿ-ಧರ್ಮದವರು. ಮುಸ್ಲಿಂ ಮನೆಗಳೇ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರು ಕೂಡುವುದುಂಟು. ಪದದ ಕೊನೆಯ ನುಡಿಯಲ್ಲಿ ಊರು, ಗುರು, ಕವಿಯ ಹೆಸರು ಬಂದರೂ ಅದು ಒಡೆತನದ ಸಹಿಯಲ್ಲ, ಋಣಸ್ಮರಣೆ. ಪ್ರದರ್ಶನಾಲಯದಲ್ಲಿ ಕಲಾವಿದ ಮತ್ತು ನೋಡುಗರ ನಡುವೆ ಇರುವ ಅಂತರ ಇಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತದೆ.

ರಿವಾಯತ್ ಪದಗಳ ವಸ್ತುವನ್ನು ಗಮನಿಸಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಕ್ರಿ.ಶ. 680ರ ಕರ್ಬಲಾದ ಕಥನದಲ್ಲಿ ನಾಯಕ ಗೆಲ್ಲುವುದಿಲ್ಲ. ಹೊಳೆ ಹತ್ತಿರವಿದ್ದೂ ಹುಸೇನರ ಪರಿವಾರಕ್ಕೆ ನೀರು ಸಿಗುವುದಿಲ್ಲ. ಹಸುಗೂಸನ್ನು ಎತ್ತಿಕೊಂಡು ಶತ್ರುವಿನ ಮುಂದೆ ನೀರು ಬೇಡುವ ತಂದೆಯ ಕೈಯಲ್ಲೇ ಕೂಸು ಬಾಣಕ್ಕೆ ಬಲಿಯಾಗುತ್ತದೆ. ಮದುಮಗ ಕಾಸಿಂ ಬಾಸಿಂಗದೊಡನೆಯೇ ರಣಕ್ಕೆ ಹೋಗುತ್ತಾನೆ. ಪಂಡಿತರ ಕ್ಯಾಲೆಂಡರಿನ ವೀರನಿಗೂ ಈ ವೀರನಿಗೂ ಹೋಲಿಕೆಯಿಲ್ಲ. ಇವನ ದೊಡ್ಡಸ್ತಿಕೆ ಇರುವುದು ಸೋಲಿನಲ್ಲೂ ಬಿಡದ ನ್ಯಾಯದಲ್ಲಿ, ಮಗುವಿಗಾಗಿ ಕೈಚಾಚಿದ ದೈನ್ಯದಲ್ಲಿ. ಭೀಮೆಯ ದಡದಲ್ಲಿದ್ದೂ ಬರವನ್ನು ಉಂಡ ಅಫಜಲಪುರ, ಜೇವರ್ಗಿಯ ಒಕ್ಕಲು ಮಕ್ಕಳಿಗೆ ಹೊಳೆಯ ಬದಿಯ ಈ ನೀರಡಿಕೆಯು ದೂರದ ಕಥೆಯಾಗಿ ಕೇಳಿಸಲಾರದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದುದು. ನಮ್ಮ ಹಳ್ಳಿಗಳಲ್ಲಿ ಹೆಣದ ಮುಂದೆ ಸತ್ತವರ ಗುಣಗಳನ್ನು ಎತ್ತಿ ಆಡಿಕೊಂಡು, ಹಾಡಿಕೊಂಡು ಅಳುವುದು ಹೆಣ್ಣುಮಕ್ಕಳ ಕಲೆ. ಗಂಡಸು ಅಲ್ಲಿ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ರಿವಾಯತಿನಲ್ಲಿ ಗಂಡಸರು ಹಾಡುವುದು ಕರ್ಬಲಾದ ತಾಯಂದಿರ, ಅಕ್ಕತಂಗಿಯರ ಗೋಳನ್ನು. ಎಂದರೆ, ಲೋಕ ತಮಗೆ ನಿರಾಕರಿಸಿದ ಅಳುವನ್ನು ಅವರು ಹೆಣ್ಣಿನಿಂದ ಕಡ ತಂದು ತಮ್ಮದಾಗಿಸಿಕೊಳ್ಳುತ್ತಾರೆ.

ಇದಕ್ಕೆ ಈ ಮಣ್ಣಿನಲ್ಲಿ ಇನ್ನೊಂದು ಬೇರೂ ಇದೆ. ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರು ನೆಲೆನಿಂತ ಕಡಕೋಳ ಮೊದಲು ಜೇವರ್ಗಿಗೆ ಸೇರಿತ್ತು, ಈಗ ಯಡ್ರಾಮಿ ತಾಲೂಕಿನಲ್ಲಿದೆ. ಚೆನ್ನೂರ ಜಲಾಲಸಾಹೇಬರಂಥ ಮುಸ್ಲಿಂ ಶಿಷ್ಯರನ್ನೂ ಒಳಗೊಂಡ ಈ ತತ್ವಪದ ಪರಂಪರೆಯಲ್ಲಿ ಹಾಡುವ ಗಂಡು ತನ್ನನ್ನು ಹೆಣ್ಣಾಗಿ, ತವರು ಬಿಟ್ಟ ಮದುಮಗಳಾಗಿ ಕಲ್ಪಿಸಿಕೊಳ್ಳುವುದುಂಟು. 'ಶರಣಸತಿ ಲಿಂಗಪತಿ' ಎಂಬ ತತ್ವವೂ, ಸೂಫಿಗಳ ಪ್ರೇಮಮಾರ್ಗವೂ ಈ ಪದಗಳಲ್ಲಿ ಸಂಧಿಸುತ್ತವೆ. ಗುರುವಿನ ಮುಂದೆ ಗಂಡಸುತನವೆಂಬುದು ಕಳಚಿಡಬೇಕಾದ ಒಂದು ಅಹಂಕಾರ. ಭಜನೆಯ ಪದದಲ್ಲಿ ಹೆಣ್ಣಾಗಲು ಒಪ್ಪುವ ದನಿಗೆ ಅಲಾಯಿಯ ಮುಂದೆ ಅಳುವುದು ಹೊಸತೇನಲ್ಲ.

ಇಷ್ಟನ್ನು ಹೇಳಿ ಮುಗಿಸಿದರೆ ಅದು ಅರ್ಧಸತ್ಯವಾದೀತು. ಹೆಜ್ಜೆಮೇಳದ ಸುತ್ತಿನಲ್ಲಿ ಹೆಣ್ಣುಮಕ್ಕಳು ಸಾಮಾನ್ಯವಾಗಿ ಇರುವುದಿಲ್ಲ. ಅವರು ಪಂಜಾದ ಕಾಲಿಗೆ ನೀರು ಹಾಕುತ್ತಾರೆ, ಸಕ್ಕರೆ ಓದಿಸುತ್ತಾರೆ, ಹರಕೆ ಹೊರುತ್ತಾರೆ, ಚೊಂಗೆ ಮಾಡುತ್ತಾರೆ. ಅವರ ದನಿಯನ್ನು ಗಂಡಸರು ಹಾಡುವಾಗ ಅವರು ಕೇಳುಗರಾಗಿ ಉಳಿಯುತ್ತಾರೆ. ಹಲಗೆ ಬಾರಿಸುವ ದಲಿತನ ಪಾಲುಗಾರಿಕೆಯನ್ನು ಸೌಹಾರ್ದವೆನ್ನುವ ಮುನ್ನ ಅದರಲ್ಲಿ ಆಯ್ಕೆಯೆಷ್ಟು, ಜಾತಿಯ ಕಟ್ಟಳೆಯೆಷ್ಟು ಎಂದು ಕೇಳಬೇಕು. ಸವಾಲ್-ಜವಾಬಿನ ಪದಗಳಲ್ಲಿ ಎದುರು ಮೇಳವನ್ನು ಹಣಿಯುವ ಹಟದಲ್ಲಿ ಗುಂಡು ಎತ್ತುವ ಗಂಡಸುತನವೇ ಬೇರೆ ದಾರಿಯಿಂದ ಒಳಬರುತ್ತದೆ. ಹತ್ತನೆಯ ದಿನ ದೇವರು ಹೊಳೆಗೆ ಹೋದ ಮೇಲೆ ಗಾದೆ ಮತ್ತೆ ಅಧಿಕಾರಕ್ಕೆ ಬರುತ್ತದೆ. ಆಚರಣೆ ಕೊಡುವುದು ಹತ್ತು ದಿನಗಳ ಸಡಿಲಿಕೆಯನ್ನು ಮಾತ್ರ.

ಆ ಸಡಿಲಿಕೆಯ ಮಿತಿ ಎಷ್ಟೆಂಬುದು ಜೋಗತಿ ಕಲೆಯೊಡನೆ ಹೋಲಿಸಿದಾಗ ತಿಳಿಯುತ್ತದೆ. ಹತ್ತು ದಿನ ಅಳುವ ಗಂಡಸಿಗೆ ಊರು ಗೌರವ ಕೊಡುತ್ತದೆ. ಬದುಕಿಡೀ ಗಂಡಸುತನವನ್ನು ಬಿಟ್ಟು ನಡೆದವರಿಗೆ ಅದೇ ಲೋಕ ಮನೆಯ ಬಾಗಿಲನ್ನೂ ಮುಚ್ಚಿದ್ದುಂಟು. ಭಿಕ್ಷೆಯ ಬದುಕನ್ನು ಕಂಡುಂಡು ಕಲೆಯನ್ನು ಉಳಿಸಿಕೊಂಡ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದುದು, ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆಯೆನಿಸಿದುದು, ಬಳಿಕ ಪದ್ಮಶ್ರೀ ಪಡೆದುದು ಈ ದೃಷ್ಟಿಯಿಂದ ಮಹತ್ವದ ಘಟನೆಗಳು. ಕಲೆಗೆ ಸಂದ ಆ ಮನ್ನಣೆ, ಕಲೆಯ ವೇಷವಿಲ್ಲದೆ ಬದುಕುವ ಸಾಮಾನ್ಯರಿಗೂ ಸಲ್ಲಬೇಕಾದದ್ದು.

ಮೊಹರಂ ಕುರಿತ ನಮ್ಮ ಅಧ್ಯಯನಗಳು ಬಹುಪಾಲು ಹಿಂದೂ-ಮುಸ್ಲಿಂ ಭಾವೈಕ್ಯದ ನೆಲೆಯಿಂದ ನಡೆದಿವೆ. ಕೋಮುದ್ವೇಷದ ದಿನಗಳಲ್ಲಿ ಅದರ ಅಗತ್ಯವನ್ನು ಅಲ್ಲಗಳೆಯಲಾಗದು. ಆದರೆ ಅದೊಂದೇ ಕನ್ನಡಕದಿಂದ ನೋಡಿದಾಗ ಎರಡು ಧರ್ಮಗಳ ಗಂಡಸರು ಕೂಡಿ ಕುಣಿಯುವುದು ಕಾಣುತ್ತದೆ. ಅವರು ಯಾರ ಅಳುವನ್ನು ಅಳುತ್ತಿದ್ದಾರೆ ಎಂಬುದು ಕಾಣುವುದಿಲ್ಲ. ಇನ್ನು ಮುಂದಿನ ಕ್ಷೇತ್ರಕಾರ್ಯದಲ್ಲಿ ಪದಗಳ ಸಂಗ್ರಹದ ಜೊತೆಗೆ ಸುತ್ತಿನ ಹೊರಗೆ ನಿಂತ ಹೆಣ್ಣುಮಕ್ಕಳ ಮಾತು, ಹಲಗೆಯವರ ಅನುಭವ, ಹಬ್ಬದ ಮರುದಿನದ ಗಂಡಸರ ನಡವಳಿಕೆ ಇವೂ ದಾಖಲಾಗಬೇಕು. ಈ ಸೀಮೆಯ ಜನ ಕೂಡಿ ಕಟ್ಟಿದ ಕಲೆ ಗಂಡಸುತನವನ್ನು ಪ್ರಶ್ನಿಸಿದೆ ಎಂಬುದು ನಿಜ. ಆ ಪ್ರಶ್ನೆಯನ್ನು ಹನ್ನೊಂದನೆಯ ದಿನಕ್ಕೂ ಮುಂದುವರಿಸಿ ಕೇಳುವ ಹೊಣೆ ಜಾನಪದ ವಿಮರ್ಶೆಯದು.